ಹ್ಯಾಂಡ್‌ಬ್ರೇಕ್ ಎಳೆದುಕೊಂಡೇ ಎರಡು ಸಾವಿರ ಕಿಲೋಮೀಟರ್

ಆ ತಮಿಳು ಸಿನಿಮಾದ ನಿರ್ದೇಶಕನಿಗೆ ಗಾಡಿ ಹತ್ತಿದರೆ ವಾಂತಿಯಾಗುತ್ತಿತ್ತು. ಇದೇನೂ ದೊಡ್ಡ ಅಪರಾಧವಲ್ಲ, ಎಷ್ಟೋ ಜನಕ್ಕೆ ಆಗುತ್ತದೆ. ಅವರೆಲ್ಲ ಕಿಟಕಿ ಪಕ್ಕ ಕೂತು, ನಿಂಬೆಹಣ್ಣು ಮೂಸಿಕೊಂಡು, ದೇವರೇ ಊರು ಬೇಗ ಬರಲಪ್ಪಾ ಎಂದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಈ ಪುಣ್ಯಾತ್ಮ ಮಾತ್ರ ಪ್ರಯಾಣದ ಮೇಲೇ ಸಿನಿಮಾ ಮಾಡಲು ಹೊರಟ.

ಸಿನಿಮಾದ ಕಥೆ ಇಷ್ಟು: ಹತ್ತು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು, ತೀರಿಕೊಂಡ ಅಮ್ಮನ ಹೊಲಿಗೆ ಯಂತ್ರವನ್ನು ದೇಶದ ಇನ್ನೊಂದು ತುದಿಯಲ್ಲಿರುವ ತಂಗಿಗೆ ಮುಟ್ಟಿಸಲು ಒಂದೇ ಹಳೇ ಕಾರಿನಲ್ಲಿ ಹೊರಡುತ್ತಾರೆ. ಎರಡು ಸಾವಿರ ಕಿಲೋಮೀಟರು, ಎರಡೂವರೆ ಗಂಟೆ. ಅದರಲ್ಲಿ ಮೊದಲ ಒಂದೂಕಾಲು ಗಂಟೆ ಇಬ್ಬರೂ ತುಟಿ ಪಿಟಕ್ಕೆನ್ನುವುದಿಲ್ಲ. ಕಥೆ ಕೇಳಿ ನಿರ್ಮಾಪಕರು ಕಣ್ಣೊರೆಸಿಕೊಂಡರಂತೆ. ಅವತ್ತು ಅವರಿಗೆ ನೆಗಡಿ ಇತ್ತು ಅನ್ನುವುದು ಬೇರೆ ಮಾತು.

ಮೊದಲ ದಿನ ನಿಜವಾದ ರಸ್ತೆಗೇ ಹೋದರು. ನಾಲ್ಕು ಕಿಲೋಮೀಟರಿನಲ್ಲಿ ಮೂರು ಸಲ ಗಾಡಿ ನಿಂತಿತು. ಮೂರನೆಯ ಸಲ ಕ್ಯಾಮೆರಾಮನ್ನನ ಹೊಸ ಶೂ ಬಲಿಯಾಯಿತು. ಮಧ್ಯಾಹ್ನದ ಹೊತ್ತಿಗೆ ನಿರ್ದೇಶಕ ಮರದಡಿ ಮಲಗಿ, ಹಣೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, “ಪ್ರಯಾಣ ಅನ್ನೋದು ಮನಸ್ಸಿನ ಒಳಗೆ ನಡೆಯೋದು” ಎಂದು ಘೋಷಿಸಿದ. ಅವತ್ತು ತೆಗೆದದ್ದನ್ನೆಲ್ಲ ಬಿಸಾಡಿ, ಮರುದಿನದಿಂದ ಇಡೀ ಪ್ರಯಾಣವನ್ನು ಒಂದು ಖಾಲಿ ಗೋದಾಮಿನೊಳಗೆ ನಡೆಸಿದರು.

ಕಾರನ್ನು ಗೋದಾಮಿನ ನಡುವೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಬಂಪರಿನ ಕೆಳಗೆ ಉದ್ದನೆಯ ಹಲಗೆ ತೂರಿಸಿದರು. ಹಲಗೆಯ ಇನ್ನೊಂದು ತುದಿಯಲ್ಲಿ ಸೆಟ್ಟಿನ ಬಡಗಿ ಕೂತ. ಅವನು ಕೂತು ಏಳುತ್ತಿದ್ದರೆ ಕಾರು ಓಡುತ್ತಿದೆ ಎಂದು ನೋಡುವವರಿಗೆ ಅನ್ನಿಸಬೇಕು. ಅವನನ್ನು ಎಲ್ಲರೂ ಹಲಗೆ ಮಾಮ ಎನ್ನುತ್ತಿದ್ದರು. ಕಾರು ಕುಲುಕಿಸುವುದರಲ್ಲಿ ಮಾಮ ಎತ್ತಿದ ಕೈ.

“ಮಾಮ, ಡಾಂಬರು ರಸ್ತೆ!”

ಮಾಮ ಸಣ್ಣಗೆ ಕುಲುಕುವನು.

“ಮಾಮ, ಈಗ ಮಣ್ಣು ರಸ್ತೆ!”

“ಗುಂಡಿ ಎಷ್ಟು ಹಾಕ್ಲಿ?”

“ಆರು. ಕೊನೇದು ದೊಡ್ಡದು ಹಾಕು, ಅಲ್ಲಿ ತಮ್ಮ ಅಳ್ತಾನೆ.”

ಇಬ್ಬರು ಲೈಟಿನ ಮುಂದೆ ಎಲೆ ತುಂಬಿದ ಕೊಂಬೆ ಹಿಡಿದು ಓಡುತ್ತಿದ್ದರು, ಅದು ಕಾಡು. ಒಬ್ಬ ಫ್ಯಾನ್ ಹಿಡಿದು ನಿಂತಿದ್ದ, ಅದು ಬಯಲು. ಕಿಟಕಿಯಾಚೆ ಹಸಿರು ಪರದೆ ಇತ್ತು. ಬೆಟ್ಟ, ನದಿ, ಸೇತುವೆಗಳನ್ನು ಆಮೇಲೆ ಕಂಪ್ಯೂಟರಿನವರು ಅಂಟಿಸುವವರಿದ್ದರು.

ಈ ಗಲಾಟೆಯ ನಡುವೆ ಮಡಚುವ ಕುರ್ಚಿಯಲ್ಲಿ, ತೊಡೆಯ ಮೇಲೆ ದಪ್ಪ ನೋಟ್‌ಬುಕ್ ಇಟ್ಟುಕೊಂಡು ಒಬ್ಬಳು ಕೂತಿರುತ್ತಿದ್ದಳು. ಕಂಟಿನ್ಯುಟಿ ನೋಡಿಕೊಳ್ಳುವುದು ಅವಳ ಕೆಲಸ. ಅಂದರೆ, ಸೋಮವಾರದ ಶಾಟಿನಲ್ಲಿ ಅಣ್ಣನ ಅಂಗಿಯ ಎರಡನೇ ಗುಂಡಿ ಬಿಚ್ಚಿದ್ದರೆ ಗುರುವಾರ ತೆಗೆಯುವ ಅದರ ಮುಂದಿನ ಶಾಟಿನಲ್ಲೂ ಅದೇ ಗುಂಡಿ ಬಿಚ್ಚಿರಬೇಕು. ತಮ್ಮ ನೀರಿನ ಬಾಟಲಿಯನ್ನು ಎಡಗೈಯಲ್ಲಿ ಎತ್ತಿದ್ದರೆ ಎಡಗೈಯಲ್ಲೇ ಇಳಿಸಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಬಾಟಲಿ ತಾನಾಗಿಯೇ ಕೈಯಿಂದ ಕೈಗೆ ಹಾರುತ್ತದೆ. ಹನ್ನೊಂದು ವರ್ಷ, ಇಪ್ಪತ್ತಾರು ಸಿನಿಮಾ, ಒಂದು ಬಾಟಲಿಯೂ ಹಾರಿರಲಿಲ್ಲ. ಸೆಟ್ಟಿನಲ್ಲಿ ಅವಳಿಗೆ ‘ಹದ್ದು’ ಎಂದೇ ಹೆಸರು. ಮನೆಯಲ್ಲಿ ಮಾತ್ರ ಅಪ್ಪ, ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, “ಗುಂಡಿ ನೋಡೋಕೂ ಸಂಬಳ ಕೊಡ್ತಾರಾ?” ಎಂದು ಇವತ್ತಿಗೂ ಬೆರಗಾಗುತ್ತಿದ್ದರು.

ಹದ್ದಿಗೆ ಗುಂಡಿ ನೋಡಿ ನೋಡಿ ಸಾಕಾಗಿತ್ತು. ಅವಳಿಗೆ ಸಹನಿರ್ದೇಶಕಿಯಾಗಬೇಕಿತ್ತು. ಶಾಟನ್ನು ಬರೆದಿಟ್ಟುಕೊಳ್ಳುವುದಲ್ಲ, ಶಾಟು ಹೇಗಿರಬೇಕೆಂದು ಹೇಳಬೇಕಿತ್ತು. ನಿರ್ದೇಶಕ ಶುರುವಿನಲ್ಲೇ ಮಾತು ಕೊಟ್ಟಿದ್ದ: “ಈ ಸಿನಿಮಾ ಗೆಲ್ಲಲಿ, ಮುಂದಿನದಕ್ಕೆ ನನ್ನ ಸಹನಿರ್ದೇಶಕಿ ನೀವೇ.” ಈ ಮಾತನ್ನು ಅವಳು ದಿನಾಂಕ, ಸಮಯ ಸಮೇತ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಳು. ಆ ಆಸೆ ಅವಳಿಗೆ ಎಷ್ಟಿತ್ತೆಂದರೆ ಊಟದ ಬಿಡುವಿನಲ್ಲಿ ಯಾರೂ ಇಲ್ಲದಾಗ ಮಾನಿಟರಿನ ಮುಂದೆ ಕೂತು ಮೆಲ್ಲಗೆ “ಕಟ್” ಎಂದು ಹೇಳಿ ನೋಡಿಕೊಳ್ಳುತ್ತಿದ್ದಳು.

ಎಡವಟ್ಟಾದದ್ದು ಹೀಗೆ. ನಿರ್ದೇಶಕನಿಗೆ ಒಂದು ಚೌಕಟ್ಟಿನ ಮೇಲೆ ಪ್ರಾಣ: ಹಿಂದಿನ ಸೀಟಿನಿಂದ, ಹೊಲಿಗೆ ಯಂತ್ರದ ಪಕ್ಕದಿಂದ, ಅಣ್ಣತಮ್ಮಂದಿರ ಭುಜಗಳು ಮತ್ತು ಅವೆರಡರ ನಡುವಿನ ಖಾಲಿ ಜಾಗ. ಖಾಲಿ ಜಾಗವೇ ನನ್ನ ಸಿನಿಮಾ ಎನ್ನುತ್ತಿದ್ದ. ಆ ಖಾಲಿ ಜಾಗ ಪೂರ್ತಿ ಖಾಲಿಯಾಗಿರಲಿಲ್ಲ, ಅಲ್ಲಿ ಹ್ಯಾಂಡ್‌ಬ್ರೇಕ್ ಇತ್ತು. ಹಲಗೆ ಮಾಮ ಕುಲುಕಿಸುವಾಗ ಕಾರು ಉರುಳಬಾರದೆಂದು ಯಾರೋ ಅದನ್ನು ಬಿಗಿಯಾಗಿ ಮೇಲಕ್ಕೆ ಎಳೆದಿಟ್ಟಿದ್ದರು. ಹದ್ದು ಗೋದಾಮಿನ ಮೊದಲ ದಿನವೇ ಬರೆದುಕೊಂಡಳು: “ಹ್ಯಾಂಡ್‌ಬ್ರೇಕ್ ಮೇಲೆ. ಹಾಗೇ ಇರಬೇಕು.”

ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಬಸ್ ಡ್ರೈವರರ ಮಗಳು, ನಿಜ. ಅಪ್ಪ ಗಾಡಿ ಕಲಿಸಿದ್ದು ಅವಳಣ್ಣನಿಗೆ, ಅವನು ಕಲಿತು ಎರಡು ಕಾರುಗಳನ್ನು ಗೋಡೆಗೆ ಗುದ್ದಿದ. ಅವಳ ಮಟ್ಟಿಗೆ ಹ್ಯಾಂಡ್‌ಬ್ರೇಕ್ ಅಂದರೆ ಅಂಗಿಯ ಗುಂಡಿಯ ಹಾಗೆ ಇನ್ನೊಂದು ವಸ್ತು. ಒಂದು ಶಾಟಿನಲ್ಲಿ ಹೇಗಿತ್ತೋ ಮುಂದಿನದರಲ್ಲೂ ಹಾಗಿರಬೇಕು, ಅಷ್ಟೆ.

ಕೊನೆಯ ವಾರ ಒಂದೇ ಒಂದು ದಿನ ನಿಜವಾದ ರಸ್ತೆಯಲ್ಲಿ ಶೂಟಿಂಗ್ ಇಟ್ಟರು. ಕಾರನ್ನು ತಗ್ಗಾದ ಟ್ರೈಲರಿನ ಮೇಲೆ ಕೂರಿಸಿ ಲಾರಿಯಿಂದ ಎಳೆಸಿದರು. ನಿರ್ದೇಶಕ ಬರಲಿಲ್ಲ, ಮೊಬೈಲಿನಲ್ಲಿ ನೋಡಿ ಅಲ್ಲೂ ಹೊಟ್ಟೆ ತೊಳಸಿ ಬಂದು ಫೋನಿಟ್ಟ. ಅವತ್ತು ಕಾರನ್ನು ಟ್ರೈಲರಿಗೆ ಹತ್ತಿಸಿ ಹಗ್ಗ ಬಿಗಿದವರು ಹ್ಯಾಂಡ್‌ಬ್ರೇಕ್ ಇಳಿಸಿಯೇ ಬಿಟ್ಟಿದ್ದರು. ಹದ್ದು ಗೋದಾಮಿನಲ್ಲಿ ತೆಗೆದಿಟ್ಟುಕೊಂಡಿದ್ದ ಫೋಟೋ ನೋಡಿದಳು, ಕಾರಿನೊಳಗೆ ಇಣುಕಿದಳು. “ನಿಲ್ಸಿ, ನಿಲ್ಸಿ!” ಎಂದು ಓಡಿಹೋಗಿ, ಎರಡೂ ಕೈಯಿಂದ ಹ್ಯಾಂಡ್‌ಬ್ರೇಕನ್ನು ಮೇಲಕ್ಕೆಳೆದಳು. ಇಡೀ ಸಿನಿಮಾದಲ್ಲಿ ಸರಿಯಾಗಿದ್ದ ಒಂದೇ ಒಂದು ಶಾಟನ್ನು ಹೀಗೆ ತನ್ನ ಕೈಯಾರೆ ಕೆಡಿಸಿ, ನೋಟ್‌ಬುಕ್ಕಿನಲ್ಲಿ ಬರೆದಳು: “ಹ್ಯಾಂಡ್‌ಬ್ರೇಕ್ ಕೆಳಗಿತ್ತು. ಸರಿಪಡಿಸಿದೆ.”

ಬೇರೆ ಯಾರಿಗೂ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ನಾಯಕನಿಗೆ ಇಪ್ಪತ್ತನೇ ವಯಸ್ಸಿನಿಂದ ಡ್ರೈವರಿದ್ದಾನೆ, ಅವನು ತಾನೇ ಗಾಡಿ ಓಡಿಸಿ ಹದಿನೆಂಟು ವರ್ಷವಾಗಿತ್ತು. ಕ್ಯಾಮೆರಾಮನ್ ಬೆಳಕು ಬಿಟ್ಟು ಬೇರೇನನ್ನೂ ನೋಡುವವನಲ್ಲ. ಎಡಿಟರ್ ಸೈಕಲ್ಲಿನವನು. ಹಲಗೆ ಮಾಮನಿಗೆ ಎಲ್ಲ ಗಾಡಿಯೂ ಬರುತ್ತಿತ್ತು, ಆದರೆ ಅವನು ಎರಡು ತಿಂಗಳು ನೋಡಿದ್ದು ಬಂಪರನ್ನು ಮಾತ್ರ.

ಸಿನಿಮಾ ಬಿಡುಗಡೆಯಾಯಿತು. ಮೊದಲ ವಾರ ಥಿಯೇಟರಿನಲ್ಲಿ ಕೂತವರಿಗಿಂತ ಸೀಟಿನ ಬುಗ್ಗೆಗಳು ಹೆಚ್ಚು ಸದ್ದು ಮಾಡಿದವು. ಪತ್ರಿಕೆಯ ವಿಮರ್ಶಕನೊಬ್ಬ “ಶಾಂತವಾದ ಚಿತ್ರ” ಎಂದು ಬರೆದ. ನಿದ್ದೆ ಬಂತು ಅನ್ನುವುದನ್ನು ಮರ್ಯಾದಸ್ಥರು ಹಾಗೆ ಹೇಳುತ್ತಾರೆ. ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ಹದ್ದಿಗೆ ಅವನಿಗಿಂತ ಹೆಚ್ಚು ಸಂಕಟವಾಯಿತು, ಸಹನಿರ್ದೇಶಕಿಯ ಕುರ್ಚಿ ಕೈತಪ್ಪಿ ಹೋದದ್ದು ಅವಳಿಗೆ. ಸಿನಿಮಾದವರು ಕೊಟ್ಟ ಟಿಕೆಟ್ ವ್ಯರ್ಥವಾಗುವುದು ಬೇಡವೆಂದು ಅಪ್ಪನ ಕೈಗೆ ಒಂದು ಕೊಟ್ಟಳು.

ಅಪ್ಪನಿಗೆ ತಮಿಳು ಒಂದಕ್ಷರ ಬಾರದು. ಪರದೆಯ ಕೆಳಗೆ ಓಡುವ ಕನ್ನಡ ಅಕ್ಷರ ಓದೋಣವೆಂದರೆ ಕನ್ನಡಕ ಮನೆಯಲ್ಲಿತ್ತು. ಹಾಗಾಗಿ ಅಣ್ಣತಮ್ಮಂದಿರ ದುಃಖದ ಗೊಡವೆಗೆ ಹೋಗದೆ, ಮೂವತ್ತನಾಲ್ಕು ವರ್ಷದ ಅಭ್ಯಾಸದಂತೆ ಡ್ರೈವಿಂಗ್ ನೋಡುತ್ತ ಕೂತರು. ಇಂಟರ್‌ವಲ್ಲಿಗೆ ಮುಂಚೆಯೇ ಎದ್ದು ನಿಂತು, ಇಡೀ ಥಿಯೇಟರಿಗೆ ಕೇಳುವಂತೆ ಕೂಗಿದರು: “ಲೋ, ಹ್ಯಾಂಡ್‌ಬ್ರೇಕ್ ಇಳಿಸೋ! ಬ್ರೇಕ್ ಲೈನರ್ ಸುಟ್ಟು ಹೋಗುತ್ತೆ!”

ಮನೆಗೆ ಬಂದವರೇ ಸೋಫಾದಲ್ಲಿ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕರು. “ಎರಡು ಸಾವಿರ ಕಿಲೋಮೀಟರ್ ಪುಟ್ಟಿ! ಘಟ್ಟ ಹತ್ತಿದ್ರು, ಹೊಳೆ ದಾಟಿದ್ರು, ಹ್ಯಾಂಡ್‌ಬ್ರೇಕ್ ಮಾತ್ರ ಇಳಿಸ್ಲಿಲ್ಲ! ಎಂಥಾ ಮುಠ್ಠಾಳನಮ್ಮಾ ನಿಮ್ಮ ಡೈರೆಕ್ಟ್ರು?”

ಅವತ್ತು, ಮೂವತ್ತೈದನೇ ವಯಸ್ಸಿನಲ್ಲಿ, ಹ್ಯಾಂಡ್‌ಬ್ರೇಕ್ ಯಾತಕ್ಕೆ ಇರುತ್ತದೆ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು. “ಹೌದಪ್ಪ, ಮುಠ್ಠಾಳ” ಎಂದು ಹೇಳಿ ಒಳಗೆ ಹೋಗಿ ಕದ ಹಾಕಿಕೊಂಡಳು. ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತ್ತು.

ಅಪ್ಪ ಸುಮ್ಮನಿರಬೇಕಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ದಿನಾ ಸೇರುವ ನಿವೃತ್ತ ಡ್ರೈವರುಗಳಿಗೆ ಹೇಳಿದರು. ಎಂಟು ಜನ ಮರುದಿನವೇ ಮ್ಯಾಟಿನಿಗೆ ಹೋದರು. ಅವರು ಕೆಲಸದಲ್ಲಿರುವ ಡ್ರೈವರುಗಳಿಗೆ ಹೇಳಿದರು. ಅವರು ಲಾರಿಯವರಿಗೆ, ಲಾರಿಯವರು ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ. ಎರಡನೇ ವಾರ ಥಿಯೇಟರು ತುಂಬಿತು. ಹಿಂದಿನ ಸೀಟಿನ ಶಾಟ್ ಬಂದಾಗಲೆಲ್ಲ ನಾನೂರು ಜನ ಒಟ್ಟಿಗೆ “ಬ್ರೇಕ್! ಬ್ರೇಕ್!” ಎಂದು ಕಿರುಚುತ್ತಿದ್ದರು. ಮನೆಯವರನ್ನೂ ಕರೆತಂದರು. ತಮಾಷೆಯೆಂದರೆ, ನಗಲು ಬಂದವರು ಕೊನೆಯಲ್ಲಿ ತಂಗಿ ಹೊಲಿಗೆ ಯಂತ್ರ ತುಳಿಯುವಾಗ ಕರ್ಚೀಫು ತೆಗೆಯುತ್ತಿದ್ದರು. ಸಿನಿಮಾ ಅಷ್ಟೇನೂ ಕೆಟ್ಟದಾಗಿರಲಿಲ್ಲ, ಎಚ್ಚರವಿರುವ ಜನ ಬೇಕಿತ್ತು ಅಷ್ಟೆ.

“ಶಾಂತವಾದ ಚಿತ್ರ” ಎಂದಿದ್ದ ವಿಮರ್ಶಕ ಈಗ ಅರ್ಧ ಪುಟ ಬರೆದ. ಆ ಹ್ಯಾಂಡ್‌ಬ್ರೇಕ್ ತಪ್ಪಲ್ಲ, ಸಂಕೇತ. ಸಹೋದರರು ಹೊರಗೆ ಸಾಗುತ್ತಾರೆ, ಒಳಗೆ ನಿಂತಿದ್ದಾರೆ. ಹಳೆಯ ನೋವಿನ ಬ್ರೇಕನ್ನು ಅವರು ಇಳಿಸಿಯೇ ಇಲ್ಲ. ಇದನ್ನು ಮೊದಲು ಕಂಡದ್ದು ಡ್ರೈವರುಗಳು ಎನ್ನುವುದು ನಮಗೆಲ್ಲ ಪಾಠ. ಹೀಗೆ.

ನಿರ್ದೇಶಕ ಇದನ್ನು ಬೆಳಿಗ್ಗೆ ಎಂಟಕ್ಕೆ ಓದಿದ. ಹತ್ತಕ್ಕೆ ಟಿವಿಯಲ್ಲಿ ಕೂತು, “ಒಬ್ಬರಾದ್ರೂ ಗಮನಿಸ್ತಾರಾ ಅಂತ ಎರಡು ವಾರ ಕಾದೆ” ಎಂದು ನಿಟ್ಟುಸಿರು ಬಿಟ್ಟ.

ತಿಂಗಳೊಳಗೆ ಪ್ರಶಸ್ತಿಯೂ ಬಂತು. ಪ್ರದಾನಕ್ಕೆ ಎರಡು ದಿನ ಮುಂಚೆ ಅವನು ಹದ್ದನ್ನು ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಹೊಸ ಸಿನಿಮಾದ ಕಡತ ಇತ್ತು, ಅದರ ಮೇಲೆ ಸಹನಿರ್ದೇಶಕಿ ಎಂಬುದರ ಮುಂದೆ ಅವಳ ಹೆಸರು ಟೈಪಾಗಿತ್ತು. ಅವಳು ಅದನ್ನು ತಲೆಕೆಳಗಾಗಿಯೇ ಓದಿದಳು. ಕಣ್ಣು ಮಂಜಾಯಿತು.

“ಆ ವಿಮರ್ಶಕ ಸಭೆಯಲ್ಲಿ ಕೇಳ್ತಾನಂತೆ, ಇದು ನಿಜವಾಗಿ ಯೋಚನೆ ಮಾಡಿ ಮಾಡಿದ್ದಾ ಅಂತ” ಎಂದ ನಿರ್ದೇಶಕ. “ನೀವು ನೋಟ್‌ಬುಕ್ ತಂದು ಗೋದಾಮಿನ ಮೊದಲ ದಿನದ ಪುಟ ಓದಿಬಿಡಿ.”

“ಅದರಲ್ಲಿ ಹಾಗೇನೂ ಬರೆದಿಲ್ಲ ಸರ್.”

“ಪೆನ್ಸಿಲಲ್ಲಿ ತಾನೇ ಬರೆದಿರೋದು? ಒಂದು ಸಾಲು ಸೇರಿಸಿ. ‘ನಿರ್ದೇಶಕರ ಸೂಚನೆ: ಬ್ರೇಕ್ ಇಳಿಸಕೂಡದು, ಇದು ಅವರ ಮನಸ್ಸು.’ ಅಷ್ಟೇ. ನಿಮ್ಮ ತಪ್ಪೂ ಮುಚ್ಚಿಹೋಗುತ್ತೆ. ಯೋಚನೆ ಮಾಡಿ, ನಾನು ನಿಮಗೇ ಒಳ್ಳೇದು ಮಾಡ್ತಿದೀನಿ.”

ಅದೂ ಸುಳ್ಳಲ್ಲ. ಅವಳು ಎರಡು ದಿನ ಯೋಚಿಸಿದಳು. ಪೆನ್ಸಿಲ್ ಚೂಪು ಮಾಡಿದಳು, ಪುಟ ತೆರೆದಳು, ಮುಚ್ಚಿದಳು. ಒಂದು ಸಾಲು ಬರೆದರೆ ಕುರ್ಚಿ ಸಿಗುತ್ತದೆ, ಅಪ್ಪನ ಬಾಯಲ್ಲಿ ಮುಠ್ಠಾಳ ಎನ್ನಿಸಿಕೊಳ್ಳುವುದೂ ತಪ್ಪುತ್ತದೆ. ಬರೆಯದಿದ್ದರೆ ಎರಡೂ ಕಡೆ ಮಣ್ಣು. ಆದರೆ ಆ ನೋಟ್‌ಬುಕ್ಕಿನಲ್ಲಿ ಆಗದ್ದನ್ನು ಅವಳು ಒಂದು ಸಲವೂ ಬರೆದಿರಲಿಲ್ಲ. ಸಿನಿಮಾದ ಮಂದಿ ಸುಳ್ಳು ಹೇಳುವುದು ಹೊಸದಲ್ಲ, ಅವಳ ಇಡೀ ಕಸುಬೇ ಸುಳ್ಳಿಗೆ ಹೊಲಿಗೆ ಹಾಕುವುದು. ಆ ಸುಳ್ಳಿನ ಸಂತೆಯಲ್ಲಿ ಒಂದು ನಿಜವಾದ ಪುಸ್ತಕವಿದೆ, ಅದು ನನ್ನದು ಎಂಬ ಜಂಬ ಅವಳಿಗಿತ್ತು. ಆ ಜಂಬವನ್ನು ಬಿಟ್ಟುಕೊಡಲು ಅವಳಿಗೆ ಆಗಲೇ ಇಲ್ಲ.

ಸಭೆ ಮಧ್ಯಾಹ್ನ ಮೂರಕ್ಕೆ. ‘ಜನಸಾಮಾನ್ಯ ಪ್ರೇಕ್ಷಕರು’ ಎಂದು ಅಪ್ಪನನ್ನೂ ಅವರ ಕಲ್ಲುಬೆಂಚಿನ ಗೆಳೆಯರನ್ನೂ ಕರೆಸಿ ಮೂರನೇ ಸಾಲಿನಲ್ಲಿ ಕೂರಿಸಿದ್ದರು. ಅವರಲ್ಲಿ ತಮಿಳು ಬಲ್ಲವನೊಬ್ಬ ಅಪ್ಪನ ಕಿವಿಯಲ್ಲಿ ಎಲ್ಲವನ್ನೂ ಕನ್ನಡ ಮಾಡಿ ಹೇಳುತ್ತಿದ್ದ. ವಿಮರ್ಶಕ ಪ್ರಶ್ನೆ ಕೇಳಿದ. ನಿರ್ದೇಶಕ ನಗುತ್ತ ಮೈಕನ್ನು ಅವಳ ಕೈಗೆ ಕೊಟ್ಟ.

ಅವಳು ಬರೆದಿದ್ದಂತೆಯೇ ಓದಿದಳು. “ಹ್ಯಾಂಡ್‌ಬ್ರೇಕ್ ಮೇಲೆ. ಹಾಗೇ ಇರಬೇಕು.” ಪುಟ ತಿರುವಿ ಇನ್ನೊಂದನ್ನೂ ಓದಿದಳು. “ಹ್ಯಾಂಡ್‌ಬ್ರೇಕ್ ಕೆಳಗಿತ್ತು. ಸರಿಪಡಿಸಿದೆ.” ಆಮೇಲೆ ಹೇಳಿದಳು, “ಇದು ಯಾರ ಸೂಚನೆಯೂ ಅಲ್ಲ. ಎಳೆದದ್ದು ನಾನು. ನನಗೆ ಗಾಡಿ ಓಡಿಸೋಕೆ ಬರಲ್ಲ, ಅದು ಯಾತಕ್ಕೆ ಅಂತ ಗೊತ್ತಿರಲಿಲ್ಲ.”

ವಿಮರ್ಶಕ ಎದ್ದು ನಿಂತ. ಅವನ ಮುಖ ಹೊಳೆಯುತ್ತಿತ್ತು. “ನೋಡಿದಿರಾ! ಕಲೆ ತನ್ನನ್ನು ತಾನೇ ಮಾಡಿಕೊಳ್ಳುತ್ತೆ, ಅರಿಯದ ಕೈಯಿಂದ!” ನಿರ್ದೇಶಕ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಕೈ ಎದೆಗೊತ್ತಿಕೊಂಡು, “ನಾನು ನಿಮಿತ್ತ ಮಾತ್ರ” ಎಂದ. ಚಪ್ಪಾಳೆ ನಿಲ್ಲಲು ಎರಡು ನಿಮಿಷ ಬೇಕಾಯಿತು. ಅವಳ ಸತ್ಯವನ್ನು ಅವರು ಹೀಗೆ ಅಗಿದು ನುಂಗಿ ಬಾಯೊರೆಸಿಕೊಂಡರು.

ವೇದಿಕೆಯಿಂದ ಇಳಿಯುವಾಗ ನಿರ್ದೇಶಕ ಹಲ್ಲು ಕಿರಿಯುತ್ತಲೇ ಅವಳ ಕಿವಿಯ ಹತ್ತಿರ ಬಂದ. “ಇಷ್ಟು ಚೆನ್ನಾಗಿ ನೋಟ್‌ಬುಕ್ ಬರೆಯೋರು ನನಗೆ ಬೇರೆ ಯಾರು ಸಿಗ್ತಾರೆ? ಮುಂದಿನದಕ್ಕೂ ನೀವು ಅದನ್ನೇ ನೋಡಿಕೊಳ್ಳಿ.” ಅಲ್ಲಿಗೆ ಕುರ್ಚಿ ಹೋಯಿತು. ಅವಳಿಗೆ ಅಳು ಬಂತು, ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಹೊರಗೆ ಬಂದಳು.

ಕಲ್ಲುಬೆಂಚಿನ ಗೆಳೆಯರೆಲ್ಲ ಇನ್ನೂ ಒಳಗೆ ನಗುತ್ತಿದ್ದರು. ಅಪ್ಪ ಒಬ್ಬರೇ ಎದುರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದರು.

“ಆ ಬ್ರೇಕ್ ಎಳ್ದದ್ದು ನೀನಂತೆ?”

“ಹೂಂ.”

“ಇಷ್ಟು ದಿನ ನಾನು ಮುಠ್ಠಾಳ ಅಂತ ಬೈದಿದ್ದು...”

“ನನಗೇ.”

ಅಪ್ಪ ರಸ್ತೆ ಕಡೆ ತಿರುಗಿದರು. ನೊಂದರೆ ಅವರಿಗೆ ಮೊದಲು ಬರುವುದು ಸಿಟ್ಟು. “ಬಸ್ ಡ್ರೈವರ್ ಮಗಳಿಗೆ ಅಷ್ಟೂ ಗೊತ್ತಿಲ್ವಾ ಅಂತ ನಾಳೆ ನನ್ನ ಮುಖಕ್ಕೆ ಉಗೀತಾರೆ. ಗಾಡಿ ಕಲಿಸಿ ಅಂತ ಬಾಯಿಬಿಟ್ಟು ಒಂದು ಮಾತು ಕೇಳ್ಬಾರ್ದಿತ್ತಾ ನೀನು?”

“ಕೇಳಿದ್ದೆ. ಮೂರು ಸಲ.”

“ಯಾವಾಗ? ಬಾಯಿಗೆ ಬಂದಿದ್ದು ಹೇಳ್ಬೇಡ.”

ಯಾರನ್ನಾದರೂ ಕೇಳಬಹುದಾದ ಪ್ರಶ್ನೆ, ಅವಳನ್ನು ಕೇಳಬಾರದಿತ್ತು.

“ಮೊದಲ್ನೇ ಸಲ ಅಣ್ಣನಿಗೆ ಕಲಿಸೋಕೆ ಶುರು ಮಾಡಿದ ದಿನ. ಭಾನುವಾರ. ನೀವು ಖಾಕಿ ಪ್ಯಾಂಟು, ಮೇಲೆ ಬರೀ ಬನಿಯನ್, ಎಡ ಭುಜದ ಹತ್ರ ಹರಿದಿತ್ತು. ಎರಡ್ನೇ ಸಲ ನನ್ನ ಕಾಲೇಜ್ ಮುಗಿದ ವಾರ. ನೀವು ಶೇವ್ ಮಾಡ್ಕೋತಿದ್ರಿ, ಎಡಗೆನ್ನೆ ಆಗಿತ್ತು, ಬಲಗೆನ್ನೇಲಿ ನೊರೆ ಇತ್ತು. ಮೂರ್ನೇದು ನೀವು ರಿಟೈರ್ ಆದ ದಿನ. ಡಿಪೋದವರು ಕೊಟ್ಟ ಗಡಿಯಾರ ಬಲಗೈಲಿತ್ತು, ಇನ್ನೂ ಡಬ್ಬಿ ಬಿಚ್ಚಿರಲಿಲ್ಲ. ಈಗ ಟೈಮಿದೆಯಲ್ಲಪ್ಪ, ಕಲಿಸ್ತೀರಾ ಅಂದೆ.”

ಅವರ ಬಸ್ಸು ಬಂತು. ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಅಪ್ಪ ಅದರ ಕಡೆ ನೋಡಲೂ ಇಲ್ಲ.

“ಅದಕ್ಕೆ ನಾನೇನಂದೆ?” ಎಂದರು ಕೊನೆಗೆ.

“ಏನೂ ಅನ್ಲಿಲ್ಲ. ನಕ್ರಿ.”

“ಮೂರು ಸಲವೂ?”

“ಮೂರು ಸಲವೂ ಅಪ್ಪ.”

ಅಪ್ಪ ಹಿಂದಿದ್ದ ಬೆಂಚನ್ನು ಕೈಯಲ್ಲಿ ತಡವಿ ಕೂತರು. ಅವಳೂ ಪಕ್ಕದಲ್ಲಿ ಕೂತಳು.